ಕಾಜಾ ಹೊಲಿದ ಮಾಸ್ಕ್

ನನ್ನ ಶಂಕರಲಿಂಗ ಕಾಕಾನಿಗೆ, ವಾಡಿಯಿಂದ ಜಬೀನಾಳ ಸಲಾಮು ಮತ್ತು ಶರಣು, ಎರಡೂ.

ಚಂದಾಪುರದ ಮಗಳ ಮನೆಯಲ್ಲಿ ಉಂಡುಂಡು ಮೈ ಬಂದಿದೆಯಂತೆ ನಿಮಗೆ. ಹಣಮಮ್ಮ ಕಾಕಿ ಹೇಳಿದರು, ನಾನು ಅರ್ಧ ನಂಬಿದೆ. ಫೋನಿನಲ್ಲೇ ವಿಚಾರಿಸೋಣವೆಂದರೆ ಎರಡು ಮಾತು ಆಡುವುದರೊಳಗೆ ದಮ್ಮು ಹತ್ತಿ, "ಆತವಾ, ಇಡ್ತೀನಿ" ಎಂದು ಇಟ್ಟೇಬಿಡುತ್ತೀರಿ. ಕಾಗದವಾದರೆ ನಿಮಗೆ ಉಸಿರಿನ ಖರ್ಚಿಲ್ಲ. ನನ್ನನ್ನು ನಡುವೆ ತಡೆಯುವ ಹಾಗೂ ಇಲ್ಲ. ಜೀವಮಾನವಿಡೀ ಲಾರಿಗಳನ್ನು ತಡೆದದ್ದು ಸಾಕು, ಇವತ್ತು ನಾನು ಹೇಳುವುದನ್ನು ಪೂರ್ತಿ ಕೇಳಿ.

ಚಿತ್ತಾಪುರದ ಹುಡುಗಿ ನಾನು, ತರಬೇತಿ ಮುಗಿಸಿ, ಹೊಸ ಖಾಕಿಯ ಗಂಜಿ ಇನ್ನೂ ಇಳಿಯುವ ಮೊದಲೇ ವಾಡಿಗೆ ಬಂದೆ. ಕಳ್ಳರನ್ನು ಹಿಡಿಯುವ ಆಸೆಯಿತ್ತು. ನನ್ನನ್ನು ಹಚ್ಚಿದ್ದು ಹವಾಲ್ದಾರರಾದ ನಿಮ್ಮ ಕೈಕೆಳಗೆ, ಕ್ರಾಸಿನಲ್ಲಿ ಲಾರಿ ಬಿಡುವ ಕೆಲಸಕ್ಕೆ. ಸಿಮೆಂಟಿನ ಟ್ಯಾಂಕರು, ಸುಣ್ಣದ ಕಲ್ಲಿನ ಟಿಪ್ಪರು, ಶಹಾಬಾದದ ಕಡೆಯಿಂದ ಫರಸಿ ಕಲ್ಲು ಹೇರಿಕೊಂಡು ಬರುವ ಟ್ರ್ಯಾಕ್ಟರು. ಒಂದು ಎಬ್ಬಿಸಿದ ಧೂಳು ಕೂರುವ ಮೊದಲೇ ಇನ್ನೊಂದು ಬರುತ್ತಿತ್ತು. ಆ ಮಬ್ಬಿನ ನಡುವೆ ನೀವು ನಿಂತಿದ್ದಿರಿ, ಮೀಸೆ ಹುಬ್ಬು ಎಲ್ಲ ಬೆಳ್ಳಗೆ. ಪಾಪ, ಮುದುಕರನ್ನು ಇಲ್ಲಿ ನಿಲ್ಲಿಸಿದ್ದಾರಲ್ಲ ಎಂದುಕೊಂಡೆ. ಸಂಜೆ ನೀವು ನಲ್ಲಿಯ ಕೆಳಗೆ ಮುಖ ತೊಳೆದಾಗ ಕರಿ ಮೀಸೆ ಹೊರಗೆ ಬಂತು.

ನೀವು ಸೀಟಿ ಊದುವುದನ್ನು ನಾನು ಬಾಯಿ ತೆರೆದು ನೋಡುತ್ತಿದ್ದೆ. ಟಿಪ್ಪರಿನವನಿಗೆ ಉದ್ದ ಸೀಟಿ, ಆಟೋದವನಿಗೆ ತುಂಡು ಸೀಟಿ, ಶಾಲೆಯ ಮಕ್ಕಳು ದಾಟುವಾಗ ಬೇರೆಯೇ ಒಂದು. ಅದು ಕೇಳಿತೆಂದರೆ ಎಂಥ ಅವಸರದ ಡ್ರೈವರನ ಕಾಲೂ ಬ್ರೇಕಿನ ಮೇಲೆ ಹೋಗುತ್ತಿತ್ತು. "ಕೈ ನಂಬಬ್ಯಾಡವಾ, ಧೂಳಾಗ ಕೈ ಯಾರಿಗಿ ಕಾಣ್ತದ? ದಮ್ ಹಿಡದು ಊದು" ಎಂದು ನನಗೆ ಕಲಿಸಿದಿರಿ. ನೀವು ನಿಂತಿದ್ದ ಅಷ್ಟೂ ವರ್ಷ ಆ ಕ್ರಾಸಿನಲ್ಲಿ ಒಂದು ಮಗುವಿಗೂ ಗಾಯವಾಗಲಿಲ್ಲ. ಆಗದೇ ಇದ್ದದ್ದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ, ಅದಕ್ಕೇ ನಾನಾದರೂ ಬರೆದು ಹೇಳುತ್ತಿದ್ದೇನೆ.

ಮಾಸ್ಕ್ ಕೊಟ್ಟಿರಲಿಲ್ಲ ಎಂದಲ್ಲ. ಡಬ್ಬಿಗಟ್ಟಲೆ ಬಂದಿದ್ದವು. ಆದರೆ ಮಾಸ್ಕಿನ ಒಳಗಿಂದ ಸೀಟಿ ಊದುವುದು ಹೇಗೆ? ಅವು ನಮ್ಮೆಲ್ಲರ ಗದ್ದದ ಕೆಳಗೆ ನೇತಾಡುತ್ತಿದ್ದವು. ಒಂದು ದಿನ ಸಾಹೇಬರು ಜೀಪು ನಿಲ್ಲಿಸಿ ಬೈದು ಹೋದರು. ಮರುದಿನ ನೀವು ಮೂಗು ಬಾಯಿ ಮುಚ್ಚಿಕೊಂಡೇ ಬಂದಿರಿ, ಮಾಸ್ಕಿನ ನಡುವಿನಿಂದ ಸೀಟಿ ಹೊರಗೆ ಚಾಚಿತ್ತು. ಅಂಗಿಯ ಗುಂಡಿಗೆ ಕಾಜಾ ಹೊಲಿಯುವ ಹಾಗೆ ಕಾಕಿ ಮಾಸ್ಕಿಗೆ ಚಂದವಾದ ಕಾಜಾ ಹೊಲಿದು ಕೊಟ್ಟಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕವಳು ನನಗೂ ಒಂದು ಹೊಲಿಸಿಕೊಂಡೆ, ನಮ್ಮ ಜೊತೆಯ ಅಂಬರೇಶನೂ ಹೊಲಿಸಿಕೊಂಡ. ಸೀಟಿ ತೂರುವ ತೂತಿನಲ್ಲಿ ಧೂಳೂ ತೂರುತ್ತದೆ ಎಂದು, ಊರಿಗೆಲ್ಲ ಬುದ್ಧಿ ಹೇಳುವ ಪೊಲೀಸರಾದ ನಮಗೆ ಒಬ್ಬರಿಗೂ ಹೊಳೆಯಲಿಲ್ಲ. ಮೇಲಾಗಿ ಬೆಲ್ಲ ಇತ್ತಲ್ಲ. ಡ್ಯೂಟಿ ಮುಗಿದೊಡನೆ ಜೇಬಿನಿಂದ ಬೆಲ್ಲದ ಗಟ್ಟಿ ತೆಗೆದು ಎಲ್ಲರಿಗೂ ಮುರಿದು ಕೊಡುತ್ತಿದ್ದಿರಿ. "ತಿನ್ರಿ, ಧೂಳೆಲ್ಲ ಬೆಲ್ಲದ ಕೂಡ ಕೆಳಗ ಇಳೀತದ." ನಾವು ನಂಬಿಕೊಂಡು ತಿಂದೆವು.

ಆಮೇಲೆ ನಿಮಗೆ ಕೆಮ್ಮು ಶುರುವಾಯಿತು. ನೀವು ಬೆಲ್ಲ ಹೆಚ್ಚು ಮಾಡಿದಿರಿ. ಒಂದು ಬೆಳಿಗ್ಗೆ ನನ್ನನ್ನು ಮುಂದೆ ನಿಲ್ಲಿಸಿ, "ಇವತ್ತಿನಿಂದ ಸೀಟಿ ನೀ ಊದು, ನಾ ಕೈ ಮಾಡ್ತೀನಿ" ಎಂದಿರಿ. ನನಗೆ ಬಡ್ತಿ ಸಿಕ್ಕಷ್ಟು ಖುಷಿ. ಧೂಳಿನಲ್ಲಿ ಕೈ ಕಾಣುವುದಿಲ್ಲ ಎಂದವರೇ ಈಗ ಯಾಕೆ ಕೈ ಮಾಡುತ್ತಿದ್ದಾರೆ ಎಂದು ನಾನು ಯೋಚಿಸಲಿಲ್ಲ. ನಿಮಗೆ ಊದಲು ಆಗುತ್ತಿಲ್ಲ ಎಂಬುದು ಠಾಣೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ನಡೆಸಿಕೊಂಡು ಹೋದಿರಿ. ಕೊನೆಗೆ ಒಂದು ಮಧ್ಯಾಹ್ನ ರಸ್ತೆಯ ನಡುವಿನ ಕಟ್ಟೆಯ ಮೇಲೆ ಕುಸಿದು ಕೂತಿರಿ, ತುಟಿ ನೀಲಿಯಾಗಿತ್ತು. ಕಲಬುರಗಿಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಪುಪ್ಪುಸದ ತುಂಬ ಧೂಳು ಕೂತಿದೆ, ಹೋದದ್ದು ವಾಪಸ್ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು ಎಂದರು.

ಕಾಯಿಲೆ ಡ್ಯೂಟಿಯಿಂದ ಬಂತೆಂದು ಮೇಲಿನವರು ಒಪ್ಪಿದರೆ ಔಷಧಿ, ರಜೆ, ಮುಂದೆ ಕೂತು ಮಾಡುವ ಕೆಲಸ ಎಲ್ಲಾ ಸಿಗುತ್ತದೆ. ಒಪ್ಪದಿದ್ದರೆ ಮೈಯಲ್ಲಿ ಶಕ್ತಿಯಿಲ್ಲದವನೆಂದು ಮನೆಗೆ ಕಳಿಸುತ್ತಾರೆ. ನಿಮಗೆ ಬಂದ ಉತ್ತರ ನನಗೆ ಇವತ್ತಿಗೂ ಬಾಯಿಪಾಠ: ಮಾಸ್ಕ್ ಕೊಟ್ಟರೂ ಧರಿಸಿಲ್ಲ, ಆದ್ದರಿಂದ ಸ್ವಂತ ನಿರ್ಲಕ್ಷ್ಯ. ನನಗೆ ಬಂದ ಸಿಟ್ಟಿಗೆ ಆ ದಿನ ಯಾರ ಲಾರಿಗೂ ಸುಮ್ಮನೆ ದಾರಿ ಬಿಡಲಿಲ್ಲ. ಮೇಲ್ಮನವಿ ಹಾಕಿ, ಮೆಡಿಕಲ್ ಬೋರ್ಡ್ ಮುಂದೆ ನಿಂತು ಹೇಳಿ ಎಂದು ನಾನು ಬಡಿದುಕೊಂಡೆ. "ನನ್ ದಮ್ಮಿಲ್ಲ ಅಂತ ನಾನೇ ಊರ ಮುಂದ ತೋರಿಸಲೇನು? ಬ್ಯಾಡ ಬಿಡವಾ" ಎಂದು ಗೋಡೆಗೆ ಮುಖ ಮಾಡಿದಿರಿ. ಕಾಕಿ ಅಡುಗೆಮನೆಯಿಂದಲೇ ಹೇಳಿದರು, "ಇವ್ರಿಗಿ ಉಸಿರು ಹೋದ್ರೂ ನಡೀತದ, ಮೀಸಿ ಮಣ್ಣಾಗಬಾರ್ದು."

ಒಂದು ಭಾನುವಾರ ನಾನು ಅಮ್ಮಿ ಮಾಡಿದ ಸೂಪು ತೆಗೆದುಕೊಂಡು ನಿಮ್ಮ ಮನೆಗೆ ಬಂದಿದ್ದೆ. ಡಬ್ಬಿ ಬಿಚ್ಚುವಾಗ ನನಗೊಂದು ಕೆಮ್ಮು ಬಂತು, ನಿಲ್ಲಲಿಲ್ಲ. ನೀರು ಕುಡಿದು ತಲೆ ಎತ್ತಿದರೆ ನೀವು ನನ್ನನ್ನೇ ನೋಡುತ್ತಿದ್ದಿರಿ. "ಯಾವಾಗಿಂದ?" ಎಂದಿರಿ. ಹವಾ ಬದಲಾಗಿದೆ, ಅಷ್ಟೇ ಎಂದೆ. ಮರುದಿನ ಬೆಳಿಗ್ಗೆ ನೀವೇ ಫೋನ್ ಮಾಡಿದಿರಿ. "ಅರ್ಜಿ ಬರಿ. ನಾ ಬರ್ತೀನಿ." ನನ್ನ ಮಾತಿಗೆ ಕೊನೆಗೂ ಬಗ್ಗಿದಿರಿ ಎಂದು ನಾನು ಠಾಣೆಯಲ್ಲೆಲ್ಲ ಜಂಬ ಕೊಚ್ಚಿಕೊಂಡೆ.

ಬೋರ್ಡಿನ ದಿನ ನೀವು ಖಾಕಿಗೆ ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿರಿ. ಮೇಜಿನ ಆಚೆ ಇಬ್ಬರು ಡಾಕ್ಟರು, ಒಬ್ಬ ಅಧಿಕಾರಿ. ಅಧಿಕಾರಿ ಕೇಳಿದರು, ಮಾಸ್ಕ್ ಕೊಟ್ಟಿದ್ದರೋ ಇಲ್ಲವೋ? "ಕೊಟ್ಟಾರ್ರಿ. ಸುಳ್ಳ್ ಯಾಕ ಹೇಳ್ಲಿ?" ಎಂದಿರಿ. ಮುಗಿಯಿತು ಕಥೆ ಎಂದುಕೊಂಡೆ. ನೀವು ಜೇಬಿನಿಂದ ಕಾಜಾ ಹೊಲಿದ ಮಾಸ್ಕ್ ತೆಗೆದು ಮೇಜಿನ ಮೇಲಿಟ್ಟಿರಿ. ಸಣ್ಣ ಡಾಕ್ಟರು ನಕ್ಕರು. ದೊಡ್ಡ ಡಾಕ್ಟರು ನಗಲಿಲ್ಲ, ಅದರ ತೂತಿನಲ್ಲಿ ಬೆರಳು ಹಾಕಿ ನೋಡಿ, "ಊದಿ ತೋರಿಸ್ತೀರೇನು?" ಎಂದರು.

ನೀವು ನನ್ನ ಕಡೆ ತಿರುಗಿ, "ನೀ ಹೊರಗ ಹೋಗವಾ" ಎಂದಿರಿ. ನಾನು ಹೋಗಲಿಲ್ಲ. ನೀವು ಎದ್ದು ನಿಂತು, ಟೋಪಿ ಸರಿ ಮಾಡಿಕೊಂಡು, ಸೀಟಿಯನ್ನು ಬಾಯಿಗಿಟ್ಟಿರಿ. ದನಿ ಬರಲಿಲ್ಲ. ಬರೀ ಗಾಳಿ ಬಂತು, ಅದೂ ಸ್ವಲ್ಪ. ಇನ್ನೊಮ್ಮೆ ಊದಿದಿರಿ. ಆಮೇಲೆ ಮೇಜು ಹಿಡಿದುಕೊಂಡು ಕೆಮ್ಮುತ್ತಾ ನಿಂತಿರಿ, ಅಷ್ಟೂ ಜನ ನೆಲ ನೋಡುತ್ತಾ ಕೂತರು. ಉಸಿರು ತಿರುಗಿದ ಮೇಲೆ ನೀವು ಆಡಿದ ಮಾತನ್ನು ನಾನು ಮುಂದೆ ನನ್ನ ಮಕ್ಕಳಿಗೂ ಹೇಳುತ್ತೇನೆ. "ನಂದು ಬಿಡ್ರಿ ಸಾಹೇಬ್ರ, ನಂದು ಮುಗೀತು. ಮಾಸ್ಕ್ ಹಾಕ್ಕೊಂಡು ಸೀಟಿ ಊದೋದು ಹ್ಯಾಂಗ, ಅದನ್ನ ನೀವು ತೋರಿಸ್ರಿ. ಈ ಹುಡುಗಿ ನಾಳಿಗಿ ಮತ್ತ ಅಲ್ಲೇ ನಿಲ್ತಾಳ. ಅಕಿಗಿ ಕಲಿಸ್ತೀನಿ." ದೊಡ್ಡ ಡಾಕ್ಟರು ಪೆನ್ನು ಕೈಗೆತ್ತಿಕೊಂಡರು.

ಕರ್ತವ್ಯದಿಂದ ಬಂದ ಕಾಯಿಲೆ ಎಂದು ಆದೇಶ ಬಂದದ್ದು ನಿಮಗೆ ಗೊತ್ತೇ ಇದೆ. ನಾನು ಪೇಢೆ ತಂದರೆ, "ಧೂಳು ಬಿದ್ದೀತು, ಮುಚ್ಚಿಡು" ಎಂದಿರಿ, ಮಹಾರಾಯರು. ಈಗ ಕ್ರಾಸಿಗೆ ಗುಂಡಿ ಒತ್ತಿದರೆ ಕೂಗುವ ಬ್ಯಾಟರಿ ಸೀಟಿ ಬಂದಿದೆ. ಕುರಿಮರಿ ಒದರಿದ ಹಾಗೆ ಕೇಳುತ್ತದೆ, ಆದರೂ ಅಂಬರೇಶ ಬಾಯಿ ಮೂಗು ಗಟ್ಟಿಯಾಗಿ ಮುಚ್ಚಿಕೊಂಡೇ ನಿಲ್ಲುತ್ತಾನೆ. ಕಾಕಿ ಬೇಜಾರು ಮಾಡಿಕೊಳ್ಳದಿರಲಿ, ಕಾಜಾದ ಮಾಸ್ಕುಗಳನ್ನು ಎಸೆದೆವು.

ನಾನು ಈ ಕಾಗದ ಬರೆಯುತ್ತಿರುವುದು ಇಷ್ಟು ಹೇಳುವುದಕ್ಕಲ್ಲ. ಹೋದ ವಾರ ನಾನೂ ಕಲಬುರಗಿಗೆ ಹೋಗಿದ್ದೆ. ನನ್ನ ಎಕ್ಸ್‌ರೇಯಲ್ಲೂ ಧೂಳು ಇದೆ ಕಾಕಾ. ಗಾಬರಿಯಾಗಬೇಡಿ, ಶುರುವಿನಲ್ಲೇ ಸಿಕ್ಕಿದೆ. ಧೂಳಿನಿಂದ ದೂರ ಇದ್ದರೆ ಮುಂದಕ್ಕೆ ಹೋಗುವುದಿಲ್ಲ, ಕೆಮ್ಮು ಇಳಿಯುತ್ತದೆ ಎಂದಿದ್ದಾರೆ. ಸೇಡಂ ಠಾಣೆಯಲ್ಲಿ ಒಳಗೆ ಕೂರುವ ಕೆಲಸಕ್ಕೆ ಹಾಕಿದ್ದಾರೆ, ನಾಡಿದ್ದು ಸೇರುತ್ತೇನೆ. ಬೋರ್ಡಿನಲ್ಲಿ ಅದೇ ದೊಡ್ಡ ಡಾಕ್ಟರು ಇದ್ದರು. ಮಾಸ್ಕಿನ ಪ್ರಶ್ನೆಗೆ ಜಗಳಕ್ಕೆ ನಿಂತವಳ ಹಾಗೆ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಕೇಳಲೇ ಇಲ್ಲ, ಡ್ಯೂಟಿಯ ಕಾಯಿಲೆ ಎಂದು ಬರೆದು ಸಹಿ ಹಾಕಿದರು. ತಡೆಯಲಾರದೆ ನಾನೇ ಕೇಳಿದೆ, "ಮಾಸ್ಕ್ ಯಾಕ ಹಾಕಿಲ್ಲ ಅಂತ ಕೇಳಲ್ಲೇನ್ರಿ ಸರ್?"

"ಅದಕ್ಕ ನಿಮ್ ಹವಾಲ್ದಾರ್ರು ಉತ್ತರ ಕೊಟ್ಟು ಹೋಗ್ಯಾರಲ್ಲವಾ" ಎಂದರು.

ಆ ಭಾನುವಾರ ನೀವು ಬಗ್ಗಿದ್ದು ನನ್ನ ಮಾತಿಗಲ್ಲ, ನನ್ನ ಕೆಮ್ಮಿಗೆ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಾಗ ನನಗೆ ಗೊತ್ತಾಯಿತು. ಅಲ್ಲೇ ಕೂತು ಅತ್ತೆ.

ನನ್ನ ಪುಪ್ಪುಸದಲ್ಲಿ ಧೂಳು ಕೂರದೆ ಉಳಿದ ಜಾಗದಷ್ಟು ಆಯಸ್ಸನ್ನು ಖುದಾ ನಿಮಗೂ ಕೊಡಲಿ, ಕಾಕಿಯ ಬೈಗುಳ ದಿನವೂ ನಿಮ್ಮ ಕಿವಿಗೆ ಬೀಳುತ್ತಿರಲಿ.

ನಿಮಗೆ ಹುಟ್ಟದ, ಆದರೆ ನೀವು ಉಳಿಸಿಕೊಂಡ ಮಗಳು,
ಜಬೀನಾ