ಹಂದಿಯ ಪುಡಿ, ನಿಮ್ಮ ಬಲಗೈ

ಕೋಪರಿ, ಠಾಣೆ
೧೨ ಆಗಸ್ಟ್ ೧೯೮೧

ಡೊಂಬಿವಲಿಯ ಯಜಮಾನರಿಗೆ ಹರಿಣಾಕ್ಷಿಯ ನಮಸ್ಕಾರ.

ನಾನಿಲ್ಲಿ ಕ್ಷೇಮ. ನೀವಲ್ಲಿ ಕ್ಷೇಮವಾಗಿಲ್ಲವೆಂದು ಗೊತ್ತಿರುವುದರಿಂದ ಆ ಪ್ರಶ್ನೆ ಕೇಳುವುದಿಲ್ಲ. ನಿಮ್ಮ ತಂಗಿ ವಿನೋದಾ ಇವತ್ತು ಬಂದು ಎಲ್ಲ ಹೇಳಿದಳು. ಬಾವು ಮಣಿಕಟ್ಟು ದಾಟಿದೆಯಂತೆ, ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದರಂತೆ. ನಾನೇ ಹೊರಟು ಬರಬಹುದಿತ್ತು. ಬಂದರೆ ಜಗಳ ಶುರುವಾಗಿ ಕೈಯ ವಿಷಯ ಮರೆತುಹೋಗುತ್ತದೆ. ಅದಕ್ಕೇ ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಬೆರಳು ತೆಗೆಯಬೇಕಾಗಿಲ್ಲ. ಓದಿ.

ಹೋದ ವಾರ ಕಡೆಯುವ ಕಲ್ಲು ಕೊಡುವ ನೆಪದಲ್ಲಿ ಬಂದಿರಿ, ಚಹಾ ಕುಡಿದು ಹೋದಿರಿ. ಕೈಯ ಕಟ್ಟು ಏನೆಂದು ಕೇಳಿದರೆ, ತೆಂಗಿನಕಾಯಿ ಒಡೆಯುವಾಗ ಕತ್ತಿ ತಾಗಿತು, ವಾಸಿಯಾಗುತ್ತಿದೆ ಎಂದಿರಿ. ವಾಸಿಯಾಗುವ ಗಾಯ ಹಾಗೆ ನಾರುವುದಿಲ್ಲ. ಕಟ್ಟು ಬದಲಿಸುವಾಗ ಒಂದು ಹತ್ತಿಕಡ್ಡಿಗೆ ಕೀವು ತಾಗಿಸಿ ಕೊಳವೆಗೆ ಹಾಕಿಕೊಂಡೆ. ಒರೆಸುತ್ತಿದ್ದಾಳೆ ಅಂದುಕೊಂಡಿರಿ. ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿಯ ಮುಂದೆ ಕೈ ಚಾಚಿದರೆ ಹೀಗೇ ಆಗುವುದು.

ಕೀವಿನ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಬೇರೆ ಬೇರೆ ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನಿಟ್ಟೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಬೀಳುತ್ತದೆ. ನೀವು ನುಂಗುತ್ತಿರುವ ಟೆಟ್ರಾಸೈಕ್ಲಿನ್‌ಗೆ ಬೀಳಲೇ ಇಲ್ಲ. ನಿಮ್ಮ ಹೋಟೆಲಿನ ಶಟರ್ ಅರ್ಧ ಎಳೆದರೂ ಏಳದ ಗಿರಾಕಿಗಳ ಹಾಗೆ ರೋಗಾಣುಗಳು ಬಿಲ್ಲೆಗೆ ಆತುಕೊಂಡೇ ಬೆಳೆದಿದ್ದವು. ಇಷ್ಟೊಂದು ಹಟ ಎಲ್ಲಿ ಕಲಿತವು? ನಿಮ್ಮ ಕೈ ದಿನಾ ಆಡುವ ಜಾಗ ಎರಡೇ. ಒಂದು ಹೋಟೆಲು. ಇನ್ನೊಂದು, ನೀವು ನನಗೆ ‘ಎರಡನೇ ಹೋಟೆಲು’ ಎಂದು ಹೇಳಿಕೊಂಡು ಬಂದ ಮಾಜಿವಾಡಾದ ಹಂದಿದೊಡ್ಡಿ. ಭಾನುವಾರ ಅಲ್ಲಿಗೆ ಹೋದೆ.

ಹಂದಿ ನೋಡಿಕೊಳ್ಳುವ ಗುರುವಪ್ಪ ನನ್ನನ್ನು ಅಕ್ಕಾರ ಎಂದು ಕರೆದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿದ. ಹೋಟೆಲಿನ ಮುಸುರೆಗೆ ದಿನಾ ಒಂದು ಹಿಡಿ ಹಳದಿ ಪುಡಿ ಕಲಸ್ತೀವ್ರಿ, ಹಂದಿ ಭರಾಭರಾ ಬೆಳೀತಾವ ಎಂದ. ಡಬ್ಬಿ ನೋಡಿದರೆ ಅದೇ ಟೆಟ್ರಾಸೈಕ್ಲಿನ್. ಆಮೇಲೆ ಹೆಮ್ಮೆಯಿಂದ, ಕೈ ಕೊಯ್ಕೊಂಡಾಗ ನಮ್ಮ ಮಾಲಕರು ಭುಜಂಗಣ್ಣಾರೂ ಇದನ್ನ ಅರಿಶಿಣದಂಗ ಒತ್ತಿಕೊಂಡಾರ್ರಿ ಎಂದ. ಆ ಕೊಳಕು ಡಬ್ಬಿಯಿಂದ, ಹಂದಿ ಮುಟ್ಟಿದ ಕೈಯಲ್ಲೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದಿನಾ ಚೂರು ಚೂರು ಔಷಧಿ ತಿಂದ ಹಂದಿಯ ಮೈಯಲ್ಲಿ ಸಾಯುವ ರೋಗಾಣುಗಳು ಸತ್ತು, ಔಷಧಿಗೆ ಜಗ್ಗದವು ಮಾತ್ರ ಉಳಿದು ಹೆಚ್ಚಿದವು. ಅವು ನಿಮ್ಮ ಗಾಯಕ್ಕೆ ದಾಟಿದವು. ನೀವು ಮೇಲಿಂದ ಅದೇ ಪುಡಿ ಒತ್ತಿದಿರಿ, ಅದೇ ಮಾತ್ರೆ ನುಂಗಿದಿರಿ. ಊಹೆಯ ಮಾತಲ್ಲ ಇದು. ಹಂದಿಗಳ ಮೂಗಿನಿಂದಲೂ ಗುರುವಪ್ಪನ ಮೂಗಿನಿಂದಲೂ ಹತ್ತಿಕಡ್ಡಿ ತಂದು ಬೆಳೆಸಿ ನೋಡಿದ್ದೇನೆ. ಎಲ್ಲಾ ತಟ್ಟೆಯಲ್ಲೂ ಅದೇ ಬಣ್ಣ, ಅದೇ ಹಟ.

ಆದರೆ ಒಂದು ಬಿಲ್ಲೆಯ ಸುತ್ತ ಅಗಲವಾದ ವೃತ್ತ ಬಿದ್ದಿದೆ. ಕ್ಲಾಕ್ಸಾಸಿಲಿನ್. ನಮ್ಮ ಡಾಕ್ಟರು ಸಹಿ ಹಾಕಿದ ರಿಪೋರ್ಟು ಜೊತೆಗಿದೆ. ನಾಳೆ ಬೆಳಗಿನ ಲೋಕಲ್ಲಿಗೆ ಠಾಣೆಗೆ ಬನ್ನಿ, ಸ್ಟೇಷನ್ನಿನ ಸೇತುವೆ ಕೆಳಗೆ ನಿಂತಿರುತ್ತೇನೆ. ಇಂಜೆಕ್ಷನ್ ನಾಳೆಯೇ ಶುರುವಾಗಬೇಕು. ಅಲ್ಲಿಯವರೆಗೆ ಆ ಕೈಯಲ್ಲಿ ವಡೆ ತಟ್ಟಬೇಡಿ, ಗಿರಾಕಿಗಳು ಏನು ಪಾಪ ಮಾಡಿದ್ದಾರೆ? ಮುಸುರೆಗೆ ಪುಡಿ ಹಾಕುವುದನ್ನು ಇವತ್ತೇ ನಿಲ್ಲಿಸಿ. ಹಂದಿಗೆ ಕಾಯಿಲೆ ಬಂದರೆ ಔಷಧಿ ಕೊಡಿ, ಕೊಬ್ಬಲಿ ಎಂದು ಕೊಡಬೇಡಿ.

ಇನ್ನೊಂದು ಮಾತು. ನಾನು ಮನೆ ಬಿಟ್ಟದ್ದು ಹಂದಿಗೆ ಹೇಸಿ ಅಲ್ಲ. ನನ್ನ ತವರಿನಲ್ಲಿ ಹಬ್ಬದ ಮರುದಿನ ಹಂದಿ ಸಾರಿಲ್ಲದೆ ಊಟವೇ ಇರಲಿಲ್ಲ. ‘ಶುದ್ಧ ಸಸ್ಯಾಹಾರಿ’ ಬೋರ್ಡಿನ ಮರ್ಯಾದೆಗೆಂದು ಊರಿಗೆಲ್ಲ ಸುಳ್ಳು ಹೇಳಿ, ಕಟ್ಟಿಕೊಂಡವಳಿಗೂ ಅದನ್ನೇ ಬಡಿಸಿದಿರಲ್ಲ, ಅದು ನುಂಗಲಾಗಲಿಲ್ಲ. ಅತ್ತೆಯವರಿಗೂ ಈ ಕಾಗದ ಓದಿ ಹೇಳಿ. ದೊಡ್ಡಿಯ ವಿಷಯ ಅವರಿಗೆ ಎಂದೋ ಗೊತ್ತು, ನಿಮಗೊಬ್ಬರಿಗೇ ಅದು ಗುಟ್ಟು.

ಇಂತಿ, ಸಿಟ್ಟು ಇಳಿಯದ
ಹರಿಣಾಕ್ಷಿ

ತಾ.ಕ.: ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ಇದನ್ನು ಅತ್ತೆಗೆ ಓದಬೇಡಿ. ಚಹಾ ಕುಡಿದು ಹೋದಿರಿ ಎಂದದ್ದು ಅವರಿಗಾಗಿ. ನೀವು ಮರುದಿನ ಬೆಳಿಗ್ಗೆ ಗಾಡಿ ಹತ್ತಿದ ಮೇಲೆ, ಲ್ಯಾಬಿಗೆ ಹೋಗಿ ನನ್ನ ಮೂಗಿಗೂ ಹತ್ತಿಕಡ್ಡಿ ಹಾಕಿದ್ದೆ. ಆಗ ನಾನಿನ್ನೂ ದೊಡ್ಡಿಯ ಮುಖ ನೋಡಿರಲಿಲ್ಲ. ಆದರೂ ಅದೇ ಬೆಳೆದಿದೆ. ಒಬ್ಬರೇ ವಾಸಿಯಾದರೆ ಇನ್ನೊಬ್ಬರಿಂದ ಮತ್ತೆ ಅಂಟುತ್ತದೆಯಂತೆ, ಇಬ್ಬರಿಗೂ ಒಟ್ಟಿಗೇ ಮದ್ದಾಗಬೇಕು ಎಂದಿದ್ದಾರೆ ಡಾಕ್ಟರು. ಯಾರಿಂದ ಬಂತು ಎಂದೂ ಕೇಳಿದರು. ನನ್ನ ಗಂಡನಿಂದ ಎಂದೆ. ವರ್ಷದ ಮೇಲಾಗಿತ್ತು ಆ ಮಾತು ಆಡಿ. ನಾಳೆ ಬರುವಾಗ ಬಟ್ಟೆಬರೆ ತನ್ನಿ.