ಗೆದ್ದಲು ತಿಂದ ಅರ್ಧ ಹಾಳೆ

ಗಾಳಿಕಂಬಗಳ ಆಸ್ಪತ್ರೆ, ಚಿತ್ರದುರ್ಗ
ಫೆಬ್ರವರಿ ಮೂವತ್ತು, ೨೩೧೮

ಪೂಜ್ಯ ಡಾಕ್ಟರ್ ಗಂಗಾಂಬಿಕೆಯವರಿಗೆ, ಶಸ್ತ್ರವೈದ್ಯೆ ತಿಪ್ಪಮ್ಮನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದ ಹಬ್ಬ. ನನ್ನ ಕನ್ನಡದಲ್ಲಿ ವಿಚಿತ್ರ ಪದಗಳು ಸಿಕ್ಕರೆ ಕ್ಷಮಿಸಿ, ಬಿಡಿಸಿ ಹೇಳುತ್ತಾ ಹೋಗುತ್ತೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅದು ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಂದು ಸಲಕ್ಕೆ ಒಂದೇ ಕಾಗದ, ಮರುತ್ತರ ತರುವ ದಾರಿ ಅದಕ್ಕಿಲ್ಲ.

ನಮ್ಮ ಬಂಡಿಗಳು ಒಂದಕ್ಕೊಂದು ಗುದ್ದುವುದಿಲ್ಲ. ಅಪಘಾತ ಎಂಬುದು ನಮ್ಮ ಮಕ್ಕಳಿಗೆ ಪಾಠದಲ್ಲಿ ಬರುವ ಮಾತು. ಎದೆಗೆ ಪೆಟ್ಟು ಬಿದ್ದು ಒಳಗೆ ಹೃದಯ ಹರಿದ ಒಂದೇ ಒಂದು ಕೇಸನ್ನೂ ನೋಡದೆ ನನ್ನ ಗುರುಗಳು ನಿವೃತ್ತರಾದರು. ಇನ್ನು ಯಾರಿಗೆ ಬೇಕು ಎಂದು ಮೈಗನ್ನಡಿಯಿಂದಲೂ ಆ ಪಾಠವನ್ನು ಅಳಿಸಿದರು. ಮೈಗನ್ನಡಿ ಅಂದರೆ ರೋಗಿಯ ಮೇಲೆ ಹಿಡಿದರೆ ಕಾಯಿಲೆಯ ಹೆಸರು ಹೇಳುವ ಹಲಗೆ. ಅದಕ್ಕೆ ನಾವು ಬೀಗರಿಗಿಂತ ಹೆಚ್ಚು ಮರ್ಯಾದೆ ಕೊಡುತ್ತೇವೆ. ಅದು ಮೂರು ಸುತ್ತು ನೋಡಿ ಮುಗಿಸುವವರೆಗೆ ವೈದ್ಯರು ರೋಗಿಯ ಮೈ ಮುಟ್ಟುವಂತಿಲ್ಲ. ಹತ್ತೊಂಬತ್ತು ವರ್ಷ ನಾನೂ ಶಿಷ್ಯರಿಗೆ ಅದನ್ನೇ ಕಲಿಸಿದ್ದೇನೆ.

ಐದು ದಿನದ ಹಿಂದೆ, ಗಾಳಿಯಿಂದ ಕರೆಂಟು ತೆಗೆಯುವ ಗಾಳಿಕಂಬದ ರಿಪೇರಿಗೆ ಹತ್ತಿದ್ದ ಓಬಳೇಶನ ಎದೆಗೆ ಕಬ್ಬಿಣದ ರಾಟೆ ಬೀಸಿ ಬಡಿಯಿತು. ಮೈಮೇಲೆ ಒಂದು ಗೀರೂ ಇರಲಿಲ್ಲ. ನಡೆದುಕೊಂಡೇ ಬಂದ, ಚಹಾ ಕೇಳಿದ. ಮೊದಲ ಸುತ್ತಿನಲ್ಲಿ ಕನ್ನಡಿ, ಚರ್ಮ ಸರಿಯಿದೆ, ವಿಶ್ರಾಂತಿ ಸಾಕು ಎಂದಿತು. ಎರಡನೆಯ ಸುತ್ತಿನ ಹೊತ್ತಿಗೆ ಅವನ ಮಾತು ತೊದಲುತ್ತಿತ್ತು, ತಣ್ಣನೆಯ ಬೆವರು ಇಳಿಯುತ್ತಿತ್ತು. ನಾನು ಕೈಕಟ್ಟಿ ನಿಂತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಂತೇ ಇದ್ದೆ. ಅವನ ಹೆಂಡತಿ ಬೋರಮ್ಮ ಕಂಬಗಳಿಗೆ ಹಗ್ಗ ಹೊಸೆಯುವವಳು. ಅವಳೇ ಬಂದು ನನ್ನ ಅಂಗಿಯ ತೋಳು ಜಗ್ಗಿದಳು.

"ಡಾಕ್ಟ್ರಮ್ಮಾ, ಆ ಹಲಗೆ ಬಿಟ್ಟು ಇವನ ಕುತ್ತಿಗೆ ನೋಡ್ರಿ. ನರ ಹಗ್ಗದಂಗೆ ಉಬ್ಬೈತೆ."

ಆಗ ನಿಮ್ಮ ಹಾಳೆ ನೆನಪಾಯಿತು. ನೂರಾರು ವರ್ಷಗಳ ಹಿಂದೆ ಇದೇ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಿಗೆಂದು ನೀವು ಕೈಯಾರೆ ಬರೆದಿಟ್ಟ ಆ ಹಾಳೆ ನಮ್ಮ ನೆಲಮಾಳಿಗೆಯ ತಗಡಿನ ಡಬ್ಬಿಯಲ್ಲಿದೆ. ಹಿಂದೊಮ್ಮೆ ಕುತೂಹಲಕ್ಕೆ ಓದಿದ್ದೆ. ಕುತ್ತಿಗೆಯ ನರ ಉಬ್ಬಿ, ಬಿಪಿ ಇಳಿದು, ಎದೆಯ ಸದ್ದು ದೂರವಾದರೆ ಹೃದಯದ ಚೀಲದಲ್ಲಿ ರಕ್ತ ತುಂಬಿದೆ, ಕಾಯಬೇಡ ಎಂದು ಬರೆದಿದ್ದಿರಿ. ಅವನ ಎದೆಗೆ ಕಿವಿಯಿಟ್ಟೆ. ಮುಚ್ಚಿದ ಬಾಗಿಲಿನಾಚೆ ಯಾರೋ ತಟ್ಟಿದ ಹಾಗೆ ಕೇಳಿಸಿತು. ಮೂರನೆಯ ಸುತ್ತಿಗೆ ಕಾಯದೆ, ಮಂಪರು ಕೊಟ್ಟು ಎದೆಯ ಮೂಳೆ ಸೀಳಿದೆ. ಚೀಲ ಕತ್ತರಿಸಿದೊಡನೆ ಕಪ್ಪು ರಕ್ತ ಉಕ್ಕಿತು. ಅದುಮಿಹೋಗಿದ್ದ ಹೃದಯ ಮತ್ತೆ ತುಂಬಿ ಬಡಿಯತೊಡಗಿತು. ಬಲಗಡೆಯ ಮೇಲಿನ ಕೋಣೆಯಲ್ಲಿ ಬೆರಳ ತುದಿಯಷ್ಟು ತೂತು. ನೀವು ಬರೆದ ಹಾಗೆ ಮೆಲ್ಲಗೆ ಬೆರಳಿಟ್ಟೆ, ರಕ್ತ ನಿಂತಿತು. ನಾಲ್ಕು ಹೊಲಿಗೆ ಹಾಕಿದೆ. ಓಬಳೇಶ ಬದುಕಿದ.

ಇವತ್ತು ಬೆಳಿಗ್ಗೆ ಎದೆಗೆ ಕಿವಿಯಿಟ್ಟಾಗ ಬಡಿತದ ಜೊತೆಗೆ ಇನ್ನೊಂದು ಸದ್ದು ಕೇಳಿಸಿತು, ಗರಗಸ ಎಳೆದ ಹಾಗೆ. ಮಲಗಿದರೆ ಅವನಿಗೆ ಉಸಿರು ಕಟ್ಟುತ್ತಿದೆ. ಹೃದಯದೊಳಗಿನ ಗೋಡೆ ಹರಿದಿರಬೇಕು, ಇಲ್ಲವೇ ಕವಾಟ. ಯಾವುದೆಂದು ಹೇಗೆ ತಿಳಿಯಲಿ, ಎಲ್ಲಿಂದ ಕೈಹಾಕಲಿ? ಕನ್ನಡಿ ಈಗಲೂ ವಿಶ್ರಾಂತಿ ಸಾಕು ಎನ್ನುತ್ತಿದೆ. ನಿಮ್ಮ ಹಾಳೆಯಲ್ಲಿ 'ಕೆಲವು ದಿನಗಳ ಮೇಲೆ ಹೊಸ ಸದ್ದು ಕೇಳಿದರೆ' ಎಂಬ ಸಾಲಿದೆ. ಅದರ ಕೆಳಗಿನದನ್ನೆಲ್ಲ ಗೆದ್ದಲು ತಿಂದಿದೆ.

ಅಮ್ಮಾ, ನನಗೆ ಭಯವಾಗುತ್ತಿದೆ. ಬೋರಮ್ಮ ವಾರ್ಡಿನ ಬಾಗಿಲಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದಾಳೆ. ನಿಮ್ಮಲ್ಲಿ ಒಂದೇ ಬೇಡಿಕೆ. ಆ ಕೆಳಗಿನ ಅರ್ಧವನ್ನು ಇನ್ನೊಮ್ಮೆ ಬರೆಯಿರಿ. ಗಾಜಿನ ಬಾಟಲಿಯಲ್ಲಿ ಹಾಕಿ, ಬಿರಡೆ ಬಿಗಿದು, ಅದೇ ಡಬ್ಬಿಯಲ್ಲಿಡಿ. ನಿಮಗೆ ಅವಸರವಿಲ್ಲ, ಬರೆಯಲು ವರ್ಷ ಹಿಡಿದರೂ ಸರಿ, ನನ್ನ ಕಾಲಕ್ಕೆ ಅದು ಡಬ್ಬಿಯಲ್ಲಿ ಇದ್ದೇ ಇರುತ್ತದೆ. ನಾನು ಮಾತ್ರ ನಾಳೆ ಬೆಳಿಗ್ಗೆ ಅವನ ಎದೆಯನ್ನು ಎರಡನೆಯ ಸಲ ತೆರೆಯಲೇಬೇಕು.

ಈ ಕಾಗದ ಅಂಚೆಗೆ ಹಾಕಿದ ಕೂಡಲೇ ನೆಲಮಾಳಿಗೆಗೆ ಇಳಿಯುತ್ತೇನೆ. ಬೋರಮ್ಮನನ್ನೂ ಕರೆದೊಯ್ಯುತ್ತೇನೆ. ಡಬ್ಬಿಯ ಮುಚ್ಚಳವನ್ನು ಅವಳ ಕೈಯಲ್ಲೇ ತೆಗೆಸುತ್ತೇನೆ.

ತಿಪ್ಪಮ್ಮ