ಟೈರೀ ಕೊಟ್ಟ ಕೆಲಸ

ಶಾರ್ಲಟ್, ಜನವರಿ

ಅಕ್ಕಾ,

ತಲುಪಿದ್ದೇನೆ. ಅಮೆರಿಕನ್ ಫುಟ್‌ಬಾಲ್ ತರಬೇತುದಾರರ ಸಮ್ಮೇಳನವೆಂದರೆ ಹೋಟೆಲಿನ ಪಡಸಾಲೆಯೇ. ಕೆಲಸ ಕಳೆದುಕೊಂಡವರೆಲ್ಲ ಇಲ್ಲೇ ನಿಂತು ಹೊಸದನ್ನು ಹುಡುಕುತ್ತೇವೆ. ಎಲ್ಲರೂ ಮೊದಲು ಎದೆಯ ಮೇಲಿನ ತಂಡದ ಗುರುತು ನೋಡುತ್ತಾರೆ, ಆಮೇಲೆ ಮುಖ. ನನ್ನ ಅಂಗಿ ಬರಿದಾಗಿದ್ದರಿಂದ ಮುಖದವರೆಗೆ ಯಾರೂ ಬರಲಿಲ್ಲ.

ಆಗ ಟೈರೀ ಬಂದ. ನಮ್ಮಮ್ಮ ಮಾಡಿದ ಜೋಳದ ಬ್ರೆಡ್ ತಿಂದುಕೊಂಡು ನನ್ನ ಹತ್ತಿರ ಆಟ ಕಲಿತವನು ಈಗ ಒಂದು ಕಾಲೇಜು ತಂಡದ ಮುಖ್ಯ ತರಬೇತುದಾರ. ನಾನು ಆಸೆಪಟ್ಟಿದ್ದ ಕುರ್ಚಿ. ಅವನ ಸುತ್ತ ಗುಂಪು.

"ಎದುರಾಳಿ ಮೇಲೆ ಕಣ್ಣಿಟ್ಟು ಹಿಂದಕ್ಕೆ ಓಡೋದು ಕಲಿಸಿದ್ದು ಇವರೇ ಕಣ್ರೋ!" ಎಂದ.

"ಇನ್ನೂ ಹಿಂದಕ್ಕೇ ಓಡಿಸ್ತಿದೀರಾ, ಕೋಚ್?" ಎಂದು ಒಬ್ಬ ಕೇಳಿದ. ಗುಂಪು ನಕ್ಕಿತು. ಟೈರೀ ಮಾತ್ರ ನಗಲಿಲ್ಲ.

"ನಮ್ಮ ತಂಡದಲ್ಲಿ ರಕ್ಷಣೆಯ ಹಿಂದಿನ ಸಾಲಿನ ಹುಡುಗರನ್ನ ನೀವೇ ನೋಡ್ಕೊಳ್ಳಿ, ಕೋಚ್. ಬರ್ತೀರಲ್ಲ?"

ಊರೂರು ತಿರುಗಿ ಇಷ್ಟು ವರ್ಷ ಮಾಡಿದ ಅದೇ ಕೆಲಸ. ಅವನೂ ನಕ್ಕಿದ್ದರೆ ಬೇಡವೆನ್ನಬಹುದಿತ್ತು. ಒಪ್ಪಿಕೊಂಡೆ.

ಮಂಡಿನೋವು ಹಾಗೇ ಇದೆ, ಮಾತ್ರೆ ಮುಗಿದಿದೆ. ಈ ಅಂಚೆ ಕಾರ್ಡಿನಲ್ಲಿ ಇನ್ನು ಬರೆಯಲು ಜಾಗವಿಲ್ಲ. ನನಗೆ ಕೆಲಸ ಸಿಕ್ಕಿತೆಂದಷ್ಟೇ ಅಮ್ಮನಿಗೆ ಹೇಳು. ಯಾರ ಕೈಕೆಳಗೆ ಎಂದು ಗೊತ್ತಾದರೆ, ಟೈರೀ ಇಷ್ಟು ಮೇಲೇರಿದನೆಂಬ ಖುಷಿಯಿಂದ ಕುಣಿದಾಡಿಬಿಡುತ್ತಾಳೆ.

ವೆಂಡೆಲ್